ಸ್ಪ್ರೆಡ್‌ಶೀಟ್ ಮ್ಯಾಕ್ರೋಗಳಲ್ಲಿ ಕಡತ ಓದುವಿಕೆಯ ದೋಷಗಳು

ಸ್ಪ್ರೆಡ್‌ಶೀಟ್ ಮ್ಯಾಕ್ರೋ ಎಂಬುದು ಕೋಷ್ಟಕ ತಂತ್ರಾಂಶದೊಳಗೆ ಬರೆದಿಟ್ಟ ಆದೇಶಗಳ ಸರಣಿ. ಹೊರಗಿನ ಪಠ್ಯ ಕಡತವೊಂದನ್ನು ತೆರೆದು, ಅದರಲ್ಲಿರುವ ದತ್ತಾಂಶವನ್ನು ಸಾಲುಸಾಲಾಗಿ ಓದಿ, ಹಾಳೆಯ ಕೋಶಗಳಿಗೆ ತುಂಬುವುದು ಇಂತಹ ಮ್ಯಾಕ್ರೋಗಳ ಅತ್ಯಂತ ಸಾಮಾನ್ಯ ಕೆಲಸಗಳಲ್ಲಿ ಒಂದು. ಈ ಕೆಲಸದಲ್ಲಿ ತಲೆದೋರುವ ದೋಷಗಳು, ಅವುಗಳ ಕಾರಣಗಳು ಮತ್ತು ಪತ್ತೆಯ ಕ್ರಮ ಈ ಲೇಖನದ ವಿಷಯ. ಉದಾಹರಣೆಗಳನ್ನು ಮೈಕ್ರೋಸಾಫ್ಟ್ ಎಕ್ಸೆಲ್‌ನ ವಿಷುಯಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್ (ಸಂಕ್ಷಿಪ್ತವಾಗಿ ವಿಬಿಎ) ಭಾಷೆಯಿಂದ ಆಯ್ದುಕೊಳ್ಳಲಾಗಿದೆ.

ಈ ದೋಷಗಳಲ್ಲಿ ಎರಡು ಬಗೆ. ಮೊದಲನೆಯವು ಕೆಲಸವನ್ನು ನಿಲ್ಲಿಸಿ, ಸಂಖ್ಯೆಯೊಂದನ್ನು ತೋರಿಸಿ, ತಾವು ಇದ್ದೇವೆಂದು ಸಾರುತ್ತವೆ. ಎರಡನೆಯವು ಏನನ್ನೂ ಹೇಳುವುದಿಲ್ಲ. ಮ್ಯಾಕ್ರೋ ಕೊನೆಯವರೆಗೂ ಸುಗಮವಾಗಿ ಓಡುತ್ತದೆ, ಹಾಳೆಯೂ ತುಂಬುತ್ತದೆ, ಆದರೆ ತುಂಬಿದ್ದು ಕಡತದಲ್ಲಿ ಇದ್ದದ್ದಲ್ಲ. ಕಲಿಯುವವರು ಮೊದಲನೆಯವಕ್ಕೆ ಅಂಜುತ್ತಾರೆ, ನಿಜವಾಗಿ ಹಾನಿ ಮಾಡುವವು ಎರಡನೆಯವು.

ಹಿನ್ನೆಲೆ

ವಿಬಿಎ ಭಾಷೆಯು 1993ರಲ್ಲಿ ಎಕ್ಸೆಲ್ 5.0 ಆವೃತ್ತಿಯೊಂದಿಗೆ ಬಂದಿತು. ಇದರ ಮೂಲ, 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅವರು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಬೇಸಿಕ್ ಭಾಷೆ. ಕಡತ ತೆರೆಯುವ ‘ಓಪನ್’, ಒಂದು ಸಾಲನ್ನು ಓದುವ ‘ಲೈನ್ ಇನ್‌ಪುಟ್’, ಮುಚ್ಚುವ ‘ಕ್ಲೋಸ್’ ಎಂಬ ಆದೇಶಗಳು ಹಳೆಯ ಬೇಸಿಕ್ ಆವೃತ್ತಿಗಳಿಂದ ಹೆಚ್ಚು ಬದಲಾವಣೆಯಿಲ್ಲದೆ ಇಳಿದು ಬಂದಿವೆ. ಅವು ರೂಪುಗೊಂಡ ಕಾಲದಲ್ಲಿ ಯೂನಿಕೋಡ್ ಇರಲಿಲ್ಲ, ಅಂತರಜಾಲದಲ್ಲಿ ಶೇಖರಿಸಿಟ್ಟ ಕಡತಕೋಶಗಳೂ ಇರಲಿಲ್ಲ. ಇಂದಿನ ತೊಡಕುಗಳಲ್ಲಿ ಅರ್ಧಕ್ಕೂ ಮೇಲ್ಪಟ್ಟವಕ್ಕೆ ಈ ವಯೋಭೇದವೇ ಬೇರು ಎಂದರೆ ತಪ್ಪಾಗದು.

ಓದುವ ಕ್ರಮವು ಮೇಲ್ನೋಟಕ್ಕೆ ಸರಳ. ಕಡತದ ಪೂರ್ಣ ವಿಳಾಸವನ್ನು ಕೊಟ್ಟು, ಓದುವುದಕ್ಕಾಗಿ ಎಂದು ಸೂಚಿಸಿ, ಒಂದು ಸಂಖ್ಯೆಯನ್ನು ನೀಡಿ ತೆರೆಯಬೇಕು. ಬಳಿಕ ಕಡತದ ಅಂತ್ಯ ಬಂದಿತೇ ಎಂದು ‘ಇಓಎಫ್’ ಮೂಲಕ ಕೇಳುತ್ತ, ಬರದಿರುವವರೆಗೆ ಒಂದೊಂದೇ ಸಾಲನ್ನು ಓದಬೇಕು. ಕೊನೆಗೆ ಮುಚ್ಚಬೇಕು. ಈ ಪ್ರತಿಯೊಂದು ಹೆಜ್ಜೆಯೂ ಕಡತದ ಬಗ್ಗೆ ಏನನ್ನೋ ಮೊದಲೇ ನಂಬಿಕೊಂಡಿರುತ್ತದೆ: ಅದು ಇಂತಹ ಜಾಗದಲ್ಲಿದೆ, ಅದರ ಸಾಲುಗಳು ಹೀಗೆ ಮುಗಿಯುತ್ತವೆ, ಅಕ್ಷರಗಳು ಇಂತಹ ಸಂಕೇತದಲ್ಲಿವೆ, ಅಂಕಣಗಳನ್ನು ಅಲ್ಪವಿರಾಮ ಬೇರ್ಪಡಿಸುತ್ತದೆ. ನಂಬಿಕೆ ಸುಳ್ಳಾದ ಸ್ಥಳದಲ್ಲಿ ದೋಷ ಹುಟ್ಟುತ್ತದೆ. ಅದು ಕಾಣಿಸಿಕೊಳ್ಳುವುದು ಮಾತ್ರ ಎಷ್ಟೋ ಬಾರಿ ಬೇರೆ ಸ್ಥಳದಲ್ಲಿ.

ಕಡತ ದೊರೆಯದಿರುವುದು

ದೋಷ ಸಂಖ್ಯೆ 53 ಎಂದರೆ ಕಡತ ಸಿಗಲಿಲ್ಲ, 76 ಎಂದರೆ ಅಲ್ಲಿಗೆ ಹೋಗುವ ದಾರಿಯೇ ಸಿಗಲಿಲ್ಲ. ಕಡತವು ಕಣ್ಣೆದುರೇ ಇರುವಾಗ 53 ಬಂದರೆ ಬಳಕೆದಾರನು ಕಂಗೆಡುವುದು ಸಹಜ. ಇದಕ್ಕೆ ಕಾರಣಗಳು ಕೆಲವೇ.

ವಿಳಾಸವಿಲ್ಲದೆ ಬರಿಯ ಹೆಸರನ್ನು ಕೊಟ್ಟಾಗ ವಿಬಿಎ ಹುಡುಕುವುದು ಮ್ಯಾಕ್ರೋ ಇರುವ ಕಡತಕೋಶದಲ್ಲಲ್ಲ, ಆ ಕ್ಷಣದ ‘ಪ್ರಸ್ತುತ ಕಡತಕೋಶ’ದಲ್ಲಿ. ಇದನ್ನು ‘ಕರ್‌ಡಿರ್’ ಎಂಬ ಫಲನ ತಿಳಿಸುತ್ತದೆ. ಬಳಕೆದಾರನು ಬೇರೊಂದು ಕಡತವನ್ನು ಸಂವಾದ ಪೆಟ್ಟಿಗೆಯಿಂದ ತೆರೆದರೆ ಇದು ಬದಲಾಗಬಹುದು. ನಿನ್ನೆ ಓಡಿದ ಮ್ಯಾಕ್ರೋ ಇಂದು ಒಂದಕ್ಷರವೂ ಬದಲಾಗದೆ ಕೈಕೊಡುವುದಕ್ಕೆ ಇದೇ ಮುಖ್ಯ ಕಾರಣ. ‘ಸಿಎಚ್‌ಡಿರ್’ ಆದೇಶದಿಂದ ಕಡತಕೋಶವನ್ನು ಬದಲಿಸಲು ಯತ್ನಿಸುವವರು ಅದು ಡ್ರೈವನ್ನು ಬದಲಿಸುವುದಿಲ್ಲ ಎಂಬುದನ್ನು ಗಮನಿಸಿರುವುದಿಲ್ಲ. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹೋಗಲು ‘ಸಿಎಚ್‌ಡ್ರೈವ್’ ಬೇರೆಯಾಗಿ ಬೇಕು. ಪೂರ್ಣ ವಿಳಾಸ ಕೊಡುವುದೇ ಲೇಸು.

ಪೂರ್ಣ ವಿಳಾಸಕ್ಕಾಗಿ ‘ದಿಸ್‌ವರ್ಕ್‌ಬುಕ್’ ವಸ್ತುವಿನ ‘ಪಾತ್’ ಗುಣವನ್ನು ಬಳಸುವುದು ರೂಢಿ. ಇದರ ಕೊನೆಯಲ್ಲಿ ಹಿಂದಕ್ಕೆ ಓರೆಯಾದ ಗೆರೆ ಇರುವುದಿಲ್ಲ. ಅದನ್ನು ಸೇರಿಸದೆ ಕಡತದ ಹೆಸರನ್ನು ಅಂಟಿಸಿದರೆ ಕಡತಕೋಶದ ಹೆಸರೂ ಕಡತದ ಹೆಸರೂ ಕೂಡಿ ಎಲ್ಲಿಯೂ ಇಲ್ಲದ ಹೊಸ ಹೆಸರಾಗುತ್ತದೆ. ಕಾರ್ಯಪುಸ್ತಕವನ್ನು ಒಮ್ಮೆಯೂ ಉಳಿಸದಿದ್ದರೆ ಈ ಗುಣ ಖಾಲಿಯಾಗಿರುತ್ತದೆ. ಕಾರ್ಯಪುಸ್ತಕ ಒನ್‌ಡ್ರೈವ್‌ನೊಂದಿಗೆ ಹೊಂದಿಕೊಂಡಿದ್ದರೆ ಡಿಸ್ಕ್‌ನ ವಿಳಾಸದ ಬದಲು ಜಾಲತಾಣದ ವಿಳಾಸ ಬರಬಹುದು. ‘ಓಪನ್’ ಆದೇಶಕ್ಕೆ ಜಾಲವಿಳಾಸ ಅರ್ಥವಾಗುವುದಿಲ್ಲ.

ವಿಂಡೋಸ್ ಪರಿಚಿತ ಕಡತ ವಿಸ್ತರಣೆಗಳನ್ನು ಮರೆಮಾಡುವ ಅಭ್ಯಾಸವುಳ್ಳದ್ದು. ‘ಅಂಕಗಳು’ ಎಂಬ ಕಡತಕ್ಕೆ ವಿದ್ಯಾರ್ಥಿಯು ‘ಟಿಎಕ್ಸ್‌ಟಿ’ ಎಂಬ ವಿಸ್ತರಣೆಯನ್ನು ಕೈಯಾರೆ ಸೇರಿಸಿದಾಗ, ಮರೆಯಲ್ಲಿದ್ದ ವಿಸ್ತರಣೆಯೊಡನೆ ಅದು ಎರಡು ಬಾರಿ ಸೇರಿರುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಮ್ಯಾಕ್ರೋ ಮಾತ್ರ ಇಲ್ಲವೆನ್ನುತ್ತದೆ. ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ವಿಸ್ತರಣೆಗಳನ್ನು ತೋರಿಸುವಂತೆ ಮಾಡಿದರೆ ಗುಟ್ಟು ಬಯಲಾಗುತ್ತದೆ.

ಕಡತಕೋಶವೊಂದರ ಎಲ್ಲ ಕಡತಗಳನ್ನು ಒಂದಾದ ಮೇಲೊಂದರಂತೆ ಓದಲು ‘ಡಿರ್’ ಫಲನವನ್ನು ಬಳಸುತ್ತಾರೆ. ಅದು ಹಿಂದಿರುಗಿಸುವುದು ಹೆಸರನ್ನು ಮಾತ್ರ, ವಿಳಾಸವನ್ನಲ್ಲ. ಹೆಸರಿಗೆ ಮತ್ತೆ ಕಡತಕೋಶದ ವಿಳಾಸವನ್ನು ಜೋಡಿಸದೆ ತೆರೆಯಹೋದರೆ ಮತ್ತೆ 53. ಈ ಸುತ್ತಿನ ಒಳಗೆ ಇನ್ನೊಂದು ‘ಡಿರ್’ ಕರೆದರೆ ಮೊದಲನೆಯ ಹುಡುಕಾಟ ಕಡಿದುಹೋಗುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳಿಗೆ ಒಂದು ವಿಶೇಷ ತೊಂದರೆಯಿದೆ. ‘ಡಿರ್’ ಮತ್ತು ‘ಓಪನ್’ಗಳು ಹೆಸರನ್ನು ವಿಂಡೋಸ್‌ನ ಹಳೆಯ ಅಕ್ಷರ ಸಂಕೇತ ಪುಟದ ಮೂಲಕವೇ ಹಾಯಿಸುತ್ತವೆ. ಭಾರತೀಯ ಲಿಪಿಗಳಿಗೆ ಅಂತಹ ಪುಟವಿಲ್ಲ, ಅವು ವಿಂಡೋಸ್‌ನಲ್ಲಿ ಯೂನಿಕೋಡ್ ಮೂಲಕವೇ ಬಂದವು. ಹೀಗಾಗಿ ‘ಅಂಕಗಳು’ ಎಂಬ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಮಾರ್ಪಟ್ಟು, ಆ ಹೆಸರಿನ ಕಡತ ಇಲ್ಲವೆಂದೋ ಹೆಸರೇ ಸರಿಯಿಲ್ಲವೆಂದೋ (ದೋಷ 52) ಉತ್ತರ ಬರುತ್ತದೆ. ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ ಎಂಬ ವಸ್ತುವು ಯೂನಿಕೋಡ್ ಹೆಸರುಗಳನ್ನು ಸರಿಯಾಗಿ ನಿಭಾಯಿಸುತ್ತದೆ. ವಿಬಿಎ ಬರೆಯುವ ಕಿಟಕಿಯಲ್ಲಿಯೇ ಕನ್ನಡ ಹೆಸರನ್ನು ನೇರವಾಗಿ ಬರೆಯಲು ಬರುವುದಿಲ್ಲ, ಅಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಮೂಡುತ್ತವೆ. ಹೆಸರನ್ನು ಹಾಳೆಯ ಒಂದು ಕೋಶದಲ್ಲಿ ಬರೆದಿಟ್ಟು ಅಲ್ಲಿಂದ ಓದಿಸುವುದು ಸುಲಭೋಪಾಯ.

ತೆರೆದಿರುವ ಕಡತ

ತೆರೆಯುವಾಗ ಸಂಖ್ಯೆ 1 ಎಂದು ಕೈಯಾರೆ ಬರೆಯುವುದು ಪಠ್ಯಪುಸ್ತಕಗಳ ರೂಢಿ. ಬೇರೊಂದು ಭಾಗದಲ್ಲಿ ಅದೇ ಸಂಖ್ಯೆ ಬಳಕೆಯಲ್ಲಿದ್ದರೆ ದೋಷ 55 ಬರುತ್ತದೆ, ಅಂದರೆ ಕಡತ ಈಗಾಗಲೇ ತೆರೆದಿದೆ. ‘ಫ್ರೀಫೈಲ್’ ಎಂಬ ಫಲನವು ಖಾಲಿಯಿರುವ ಸಂಖ್ಯೆಯನ್ನು ತಾನೇ ಕೊಡುತ್ತದೆ. ಆದರೆ ಅದು ಸಂಖ್ಯೆಯನ್ನು ಕಾದಿರಿಸುವುದಿಲ್ಲ. ಎರಡು ಕಡತಗಳಿಗಾಗಿ ಅದನ್ನು ಒಟ್ಟಿಗೆ ಎರಡು ಬಾರಿ ಕೇಳಿ ಆಮೇಲೆ ತೆರೆದರೆ ಎರಡಕ್ಕೂ ಒಂದೇ ಸಂಖ್ಯೆ ಸಿಕ್ಕಿರುತ್ತದೆ. ಒಂದನ್ನು ಕೇಳಿ, ತೆರೆದು, ಬಳಿಕ ಇನ್ನೊಂದನ್ನು ಕೇಳಬೇಕು.

ದೋಷವನ್ನು ಹಿಡಿದು ಸಂದೇಶ ತೋರಿಸಿ ಹೊರಬರುವ ಮ್ಯಾಕ್ರೋ, ಹೊರಬರುವ ದಾರಿಯಲ್ಲಿ ಕಡತವನ್ನು ಮುಚ್ಚಲು ಮರೆತಿದ್ದರೆ ಕಡತ ತೆರೆದೇ ಉಳಿಯುತ್ತದೆ. ಆಗ ಎರಡನೆಯ ಬಾರಿ ಓಡಿಸಿದಾಗ ಬರುವ 55 ಮೊದಲ ಬಾರಿಯ ತಪ್ಪಿನ ಫಲ, ಈಗಿನದ್ದಲ್ಲ. ಸಂಖ್ಯೆಯಿಲ್ಲದೆ ‘ಕ್ಲೋಸ್’ ಎಂದರೆ ಈ ರೀತಿ ತೆರೆದಿರುವ ಎಲ್ಲ ಕಡತಗಳೂ ಮುಚ್ಚುತ್ತವೆ. ದೋಷ 70 ಅನುಮತಿ ನಿರಾಕರಣೆಯನ್ನು ಸೂಚಿಸುತ್ತದೆ. ಸಾಮಾನ್ಯವಾಗಿ ಬೇರೆ ತಂತ್ರಾಂಶವೊಂದು ಕಡತವನ್ನು ಹಿಡಿದುಕೊಂಡಿರುತ್ತದೆ. ಕಡತದ ಬದಲು ಕಡತಕೋಶವನ್ನೇ ತೆರೆಯಹೋದರೆ 75.

ಹೊಸಬರು ಎಡವುವ ಇನ್ನೊಂದು ಕಲ್ಲಿದೆ. 2007ರಿಂದೀಚೆಗಿನ ಎಕ್ಸೆಲ್ ಕಾರ್ಯಪುಸ್ತಕವು ಪಠ್ಯ ಕಡತವಲ್ಲ, ಅನೇಕ ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು. ಅದನ್ನು ‘ಲೈನ್ ಇನ್‌ಪುಟ್’ನಿಂದ ಓದಿದರೆ ಮೊದಲು ರೋಮನ್ ಲಿಪಿಯ ‘ಪಿ’ ಮತ್ತು ‘ಕೆ’ ಅಕ್ಷರಗಳೂ ಬಳಿಕ ಅರ್ಥವಿಲ್ಲದ ಚಿಹ್ನೆಗಳೂ ಬರುತ್ತವೆ. ಆ ಎರಡು ಅಕ್ಷರಗಳು ಜಿಪ್ ವಿನ್ಯಾಸವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವಿಸ್ತರಣೆಯನ್ನು ‘ಸಿಎಸ್‌ವಿ’ ಎಂದು ಬದಲಿಸಿದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ. ಇಂತಹ ಕಡತವನ್ನು ‘ವರ್ಕ್‌ಬುಕ್ಸ್’ ಸಂಗ್ರಹದ ‘ಓಪನ್’ ವಿಧಾನದಿಂದಲೇ ತೆರೆಯಬೇಕು.

ಸಾಲಿನ ಅಂತ್ಯ

ಸಾವಿರ ಸಾಲುಗಳ ಕಡತವನ್ನು ಓದಿದ ಮ್ಯಾಕ್ರೋ ಒಂದೇ ಸಾಲು ಇದೆಯೆಂದು ಹೇಳಿದರೆ ಸಾಲುಗಳು ಮುಗಿಯುವ ರೀತಿಯನ್ನು ನೋಡಬೇಕು. ವಿಂಡೋಸ್‌ನಲ್ಲಿ ಸಾಲು ಮುಗಿಯುವುದು 13 ಮತ್ತು 10 ಎಂಬ ಎರಡು ಸಂಕೇತಗಳ ಜೋಡಿಯಿಂದ. ಹಳೆಯ ಬೆರಳಚ್ಚು ಯಂತ್ರದಲ್ಲಿ ಗಾಡಿಯನ್ನು ಸಾಲಿನ ಆರಂಭಕ್ಕೆ ಮರಳಿಸುವುದು ಮತ್ತು ಹಾಳೆಯನ್ನು ಒಂದು ಸಾಲು ಮೇಲೆತ್ತುವುದು ಎರಡು ಬೇರೆ ಕ್ರಿಯೆಗಳಾಗಿದ್ದುದರ ನೆನಪು ಇದು. ಯುನಿಕ್ಸ್, ಲಿನಕ್ಸ್ ಮತ್ತು ಇಂದಿನ ಮ್ಯಾಕ್ ವ್ಯವಸ್ಥೆಗಳಲ್ಲಿ 10 ಮಾತ್ರ ಇರುತ್ತದೆ. ‘ಲೈನ್ ಇನ್‌ಪುಟ್’ ನಿಲ್ಲುವುದು 13 ಕಂಡಾಗ. ಜಾಲತಾಣದಿಂದ ಇಳಿಸಿಕೊಂಡ ಎಷ್ಟೋ ಕಡತಗಳಲ್ಲಿ ಅದು ಇರುವುದೇ ಇಲ್ಲವಾದ್ದರಿಂದ ಇಡೀ ಕಡತ ಒಂದೇ ಸಾಲಾಗಿ ಒಳಬರುತ್ತದೆ.

ಪರಿಹಾರವೆಂದರೆ ಇಡೀ ಪಠ್ಯವನ್ನು ಒಮ್ಮೆಗೇ ಓದಿ, ಜೋಡಿ ಸಂಕೇತವನ್ನು ಮೊದಲು 10 ಆಗಿಸಿ, ಉಳಿದ ಒಂಟಿ 13ಗಳನ್ನೂ 10 ಆಗಿಸಿ, ಬಳಿಕ 10 ಇರುವಲ್ಲೆಲ್ಲ ಕತ್ತರಿಸುವುದು. ಕ್ರಮ ಮುಖ್ಯ. ನೇರವಾಗಿ 10ರಲ್ಲಿ ಕತ್ತರಿಸಿದರೆ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ 13 ಅಂಟಿಕೊಂಡಿರುತ್ತದೆ. ಕೊನೆಯ ಅಂಕಣದ ‘ಉತ್ತೀರ್ಣ’ ಎಂಬ ಪದವನ್ನು ‘ಉತ್ತೀರ್ಣ’ದೊಡನೆ ಹೋಲಿಸಿದರೆ ಎರಡೂ ಬೇರೆ ಎಂದು ಉತ್ತರ ಬರುತ್ತದೆ. ‘ಟ್ರಿಮ್’ ಫಲನ ಇಲ್ಲಿ ನೆರವಾಗದು. ಅದು 32ನೆಯ ಸಂಕೇತದ ಸಾಮಾನ್ಯ ಖಾಲಿ ಜಾಗವನ್ನು ಮಾತ್ರ ತೆಗೆಯುತ್ತದೆ, 13ನ್ನಾಗಲಿ ಜಾಲಪುಟಗಳಿಂದ ಬರುವ 160ನ್ನಾಗಲಿ ಮುಟ್ಟುವುದಿಲ್ಲ. ಹೀಗೆ ಕತ್ತರಿಸಿದಾಗ ತುದಿಯಲ್ಲಿ ಖಾಲಿ ಸಾಲೊಂದು ಉಳಿಯುವುದುಂಟು. ಖಾಲಿ ಸಾಲನ್ನು ಮತ್ತೆ ಅಂಕಣಗಳಾಗಿ ಒಡೆದರೆ ಒಂದೂ ಅಂಶವಿಲ್ಲದ ಸರಣಿ ಸಿಗುತ್ತದೆ, ಅದರ ಮೊದಲ ಅಂಶವನ್ನು ಕೇಳಿದಾಗ ದೋಷ 9 ಬರುತ್ತದೆ.

ದೋಷ 62, ಅಂದರೆ ಕಡತದ ಅಂತ್ಯವನ್ನು ದಾಟಿ ಓದುವ ಯತ್ನ, ಕೆಲವೊಮ್ಮೆ ಕಡತದ ನಡುವೆಯೇ ಬರುತ್ತದೆ. ಅಲ್ಲಿ 26ನೆಯ ಸಂಕೇತ ಸೇರಿಕೊಂಡಿರುವುದು ಕಾರಣ. ಸಿಪಿಎಂ ಎಂಬ ಹಳೆಯ ಕಾರ್ಯವ್ಯವಸ್ಥೆಯಲ್ಲಿ ಕಡತದ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಲೆಕ್ಕವಿಡಲಾಗುತ್ತಿತ್ತು. ಪಠ್ಯ ನಿಜವಾಗಿ ಮುಗಿದ ಸ್ಥಳವನ್ನು ತೋರಲು 26ನ್ನು ಬರೆಯುತ್ತಿದ್ದರು. ಆ ವ್ಯವಸ್ಥೆ ಎಂದೋ ಮರೆಯಾದರೂ ‘ಇನ್‌ಪುಟ್’ ರೀತಿಯಲ್ಲಿ ತೆರೆದ ಕಡತ ಇಂದಿಗೂ ಆ ಗುರುತನ್ನು ಗೌರವಿಸುತ್ತದೆ. ‘ಬೈನರಿ’ ರೀತಿಯಲ್ಲಿ ತೆರೆದರೆ ಈ ತೊಂದರೆಯಿಲ್ಲ.

ಕನ್ನಡ ಪಠ್ಯ ಕೆಡುವ ಬಗೆ

ಕನ್ನಡ ಓದುಗರಿಗೆ ಅತಿ ಹೆಚ್ಚು ಎದುರಾಗುವ ದೋಷ ಇದು, ಮತ್ತು ಇದಕ್ಕೆ ಯಾವ ದೋಷ ಸಂಖ್ಯೆಯೂ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ಸುಂದರವಾಗಿ ಕಾಣುವ ಹೆಸರುಗಳು ಹಾಳೆಗೆ ಬರುವಷ್ಟರಲ್ಲಿ ವಿಚಿತ್ರ ಚಿಹ್ನೆಗಳಾಗಿರುತ್ತವೆ.

ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಯುಟಿಎಫ್-8 ಎಂಬ ಸಂಕೇತೀಕರಣದಲ್ಲಿ ಅದನ್ನು 224, 178, 149 ಎಂಬ ಮೂರು ಬೈಟುಗಳಾಗಿ ಬರೆಯಲಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತಗಳಿದ್ದು, ಅವು ಒಟ್ಟು 15 ಬೈಟುಗಳಾಗುತ್ತವೆ. ‘ಲೈನ್ ಇನ್‌ಪುಟ್’ ಯುಟಿಎಫ್-8ನ್ನು ಅರಿಯದು. ಅದು ಪ್ರತಿ ಬೈಟನ್ನೂ ವಿಂಡೋಸ್‌ನ ಹಳೆಯ ಸಂಕೇತ ಪುಟದ ಒಂದೊಂದು ಅಕ್ಷರವೆಂದು ಭಾವಿಸುತ್ತದೆ. ಐದು ಸಂಕೇತಗಳು ಹದಿನೈದು ಚಿಹ್ನೆಗಳಾಗುವುದು ಹೀಗೆ. ಕನ್ನಡದ ಎಲ್ಲ ಸಂಕೇತಗಳೂ 224ರಿಂದ ಆರಂಭವಾಗಿ ಎರಡನೆಯ ಬೈಟು 178 ಅಥವಾ 179 ಆಗಿರುವುದರಿಂದ, ಪಾಶ್ಚಾತ್ಯ ಸಂಕೇತ ಪುಟದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’ ಅಕ್ಷರವೂ ಅದರ ಪಕ್ಕದಲ್ಲಿ ಮೇಲೇರಿದ ಪುಟ್ಟ 2 ಅಥವಾ 3 ಅಂಕಿಯೂ ಮತ್ತೆ ಮತ್ತೆ ಕಾಣಿಸುತ್ತವೆ. ಈ ಜೋಡಿ ಕಂಡಿತೆಂದರೆ ಕಡತ ಕೆಟ್ಟಿಲ್ಲ, ಅದರೊಳಗಿನ ಕನ್ನಡ ಅಖಂಡವಾಗಿದೆ, ಓದಿದ ರೀತಿ ಮಾತ್ರ ತಪ್ಪು ಎಂದು ನಿಶ್ಚಿಂತೆಯಿಂದ ತಿಳಿಯಬಹುದು.

ಸರಿಯಾದ ಉಪಾಯ ‘ಎಡಿಓಡಿಬಿ’ ಗ್ರಂಥಾಲಯದ ‘ಸ್ಟ್ರೀಮ್’ ವಸ್ತು. ಅದರ ಬಗೆಯನ್ನು ಪಠ್ಯ (2) ಎಂದು, ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಸೂಚಿಸಿ, ತೆರೆದು, ಕಡತವನ್ನು ಅದಕ್ಕೆ ತುಂಬಿಸಿ, ಪಠ್ಯವನ್ನು ಓದಿಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ಇಲ್ಲವೇ ‘ವರ್ಕ್‌ಬುಕ್ಸ್’ನ ‘ಓಪನ್‌ಟೆಕ್ಸ್ಟ್’ ವಿಧಾನಕ್ಕೆ ಮೂಲ ಸಂಕೇತ 65001 ಎಂದು ತಿಳಿಸಬಹುದು. ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ನಲ್ಲಿ ‘ಯೂನಿಕೋಡ್’ ಎಂಬ ಆಯ್ಕೆ ಕಂಡು ಅದನ್ನು ಒತ್ತುವವರು ಬಹಳ. ಅಲ್ಲಿ ಯೂನಿಕೋಡ್ ಎಂದರೆ ಯುಟಿಎಫ್-16. ಯುಟಿಎಫ್-8 ಕಡತವನ್ನು ಹಾಗೆ ತೆರೆದರೆ ಎರಡೆರಡು ಬೈಟುಗಳು ಜೊತೆಗೂಡಿ, ಕೆಲವೊಮ್ಮೆ ಚೀನೀ ಲಿಪಿಯಂತಹ ಅಕ್ಷರಗಳು ತುಂಬಿಕೊಳ್ಳುತ್ತವೆ.

ಕೆಲವು ಯುಟಿಎಫ್-8 ಕಡತಗಳ ತಲೆಯಲ್ಲಿ 239, 187, 191 ಎಂಬ ಮೂರು ಬೈಟುಗಳ ಗುರುತಿರುತ್ತದೆ. ಹಳೆಯ ರೀತಿಯಲ್ಲಿ ಓದಿದಾಗ ಇವು ಮೊದಲ ಅಂಕಣದ ಶೀರ್ಷಿಕೆಗೆ ಅಂಟಿಕೊಂಡು, ಆ ಒಂದು ಅಂಕಣ ಮಾತ್ರ ಸಿಗುತ್ತಿಲ್ಲ ಎಂಬ ವಿಚಿತ್ರ ದೂರಿಗೆ ಕಾರಣವಾಗುತ್ತವೆ. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ಹೊಸ ಕಡತಗಳನ್ನು ಈ ಗುರುತಿಲ್ಲದ ಯುಟಿಎಫ್-8ನಲ್ಲಿಯೇ ಉಳಿಸುತ್ತದೆ. ಗಣಕಯಂತ್ರ ಬದಲಾದ ಮೇಲೆ ಹಳೆಯ ಮ್ಯಾಕ್ರೋಗಳು ಕೈಕೊಟ್ಟುದಕ್ಕೆ ಇದೂ ಒಂದು ಕಾರಣ.

ನುಡಿ ಮತ್ತು ಬರಹ ತಂತ್ರಾಂಶಗಳ ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳದ್ದು ಬೇರೆಯೇ ಕಥೆ. ಅವುಗಳಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಕನ್ನಡ ಆಕಾರಗಳು. ಫಾಂಟು ಹೋದರೆ ರೋಮನ್ ಅಕ್ಷರಗಳು ಉಳಿಯುತ್ತವೆ. ಇಲ್ಲಿ 65001 ಎಂದು ಎಷ್ಟು ಬಾರಿ ಬರೆದರೂ ಫಲವಿಲ್ಲ. ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದ ಬಳಿಕವೇ ಓದಬೇಕು. ಓರೆಗೆರೆಯ ‘ಎ’ ಮತ್ತು ಪುಟ್ಟ 2ರ ಜೋಡಿ ಮೂರಕ್ಕೊಮ್ಮೆ ಮರುಕಳಿಸದಿದ್ದರೆ ಈ ಸಾಧ್ಯತೆಯನ್ನು ನೆನೆಯುವುದು ಒಳ್ಳೆಯದು.

ಸರಿಯಾಗಿ ಬಂದ ಕನ್ನಡದಲ್ಲಿಯೂ ಹೋಲಿಕೆ ತಪ್ಪಬಹುದು. ‘ಕೋಲಾರ’ ಎಂಬ ಪದದ ಓಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘಚಿಹ್ನೆಗಳ ಕೂಟವಾಗಿಯೂ ಬರೆಯಲು ಯೂನಿಕೋಡ್ ಎಡೆಗೊಡುತ್ತದೆ. ಕಣ್ಣಿಗೆ ಎರಡೂ ಒಂದೇ, ಸಂಕೇತಗಳನ್ನು ಎಣಿಸುವ ಯಂತ್ರಕ್ಕೆ ಬೇರೆ ಬೇರೆ. ಒತ್ತಕ್ಷರವನ್ನು ಬಿಡಿಸಲು ಬಳಸುವ ಅದೃಶ್ಯ ಸಂಕೇತಗಳೂ ಇದೇ ತೊಡಕನ್ನು ತರುತ್ತವೆ.

ಅಂಕಣಗಳ ವಿಭಜನೆ

ಸಾಲನ್ನು ಅಲ್ಪವಿರಾಮದಲ್ಲಿ ಒಡೆಯುವ ‘ಸ್ಪ್ಲಿಟ್’ ಫಲನವು ಉದ್ಧರಣ ಚಿಹ್ನೆಗಳನ್ನು ಲೆಕ್ಕಿಸುವುದಿಲ್ಲ. ‘ಜಯನಗರ, ಬೆಂಗಳೂರು’ ಎಂಬ ವಿಳಾಸವನ್ನು ಉದ್ಧರಣದೊಳಗೆ ಇಟ್ಟಿದ್ದರೂ ಅದು ಎರಡಾಗಿ, ನಂತರದ ಎಲ್ಲ ಅಂಕಣಗಳೂ ಒಂದು ಮನೆ ಬಲಕ್ಕೆ ಸರಿಯುತ್ತವೆ. ದೂರವಾಣಿ ಸಂಖ್ಯೆಯ ಅಂಕಣದಲ್ಲಿ ಪಿನ್‌ಕೋಡ್ ಕಂಡರೆ ಇದನ್ನೇ ಶಂಕಿಸಬೇಕು. ಉದ್ಧರಣದೊಳಗೆ ಹೊಸ ಸಾಲೂ ಇರಬಹುದು ಎಂದು 2005ರಲ್ಲಿ ಸಿಎಸ್‌ವಿ ವಿನ್ಯಾಸವನ್ನು ದಾಖಲಿಸಿದ ಆರ್‌ಎಫ್‌ಸಿ 4180 ಹೇಳುತ್ತದೆ. ಸಾಲುಸಾಲಾಗಿ ಓದುವ ಮ್ಯಾಕ್ರೋಗೆ ಅದು ದಕ್ಕದು. ಇಂತಹ ಕಡತಗಳನ್ನು ಎಕ್ಸೆಲ್‌ನ ಆಮದು ಸೌಲಭ್ಯದಿಂದಲೇ ಓದುವುದು ಮೇಲು.

ಸದ್ದಿಲ್ಲದ ಬದಲಾವಣೆಗಳು

ಆಮದು ಸೌಲಭ್ಯಕ್ಕೂ ತನ್ನದೇ ಚಟಗಳಿವೆ. ಭಾರತದಲ್ಲಿ ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಸಿಎಸ್‌ವಿ ಕಡತವನ್ನು ಕೈಯಾರೆ ತೆರೆದಾಗ ಎಕ್ಸೆಲ್ ಗಣಕಯಂತ್ರದ ಪ್ರಾದೇಶಿಕ ಕ್ರಮವನ್ನು ಅನುಸರಿಸುತ್ತದೆ. ಅದೇ ಕಡತವನ್ನು ಮ್ಯಾಕ್ರೋದಿಂದ ತೆರೆದಾಗ, ಬೇರೆ ಹೇಳದಿದ್ದರೆ, ಅಮೆರಿಕದ ಕ್ರಮವನ್ನು ಹಿಡಿಯುತ್ತದೆ. 03/04/2024 ಎಂಬ ಏಪ್ರಿಲ್ 3 ಮಾರ್ಚ್ 4 ಆಗುತ್ತದೆ. 13/04/2024ಕ್ಕೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದು ಬರಿಯ ಪಠ್ಯವಾಗಿ ಉಳಿಯುತ್ತದೆ. ಒಂದೇ ಅಂಕಣದಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ವಾಲಿದ್ದರೆ ಎಡಕ್ಕೆ ವಾಲಿದವು ಸರಿಯಾಗಿವೆ, ಬಲಕ್ಕೆ ವಾಲಿದವು ತಪ್ಪಾಗಿವೆ ಎಂಬ ವಿಪರ್ಯಾಸ ಇಲ್ಲಿದೆ. ತೆರೆಯುವ ವಿಧಾನಕ್ಕೆ ‘ಲೋಕಲ್’ ಎಂಬ ಅಂಶವನ್ನು ‘ಟ್ರೂ’ ಎಂದು ಕೊಟ್ಟರೆ ಸ್ಥಳೀಯ ಕ್ರಮ ಉಳಿಯುತ್ತದೆ.

ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆ ಒಳಗೆ ಉಳಿದರೂ ಘಾತ ರೂಪದಲ್ಲಿ ತೋರುತ್ತದೆ, ಹಾಗೆಯೇ ಮತ್ತೆ ಸಿಎಸ್‌ವಿ ಆಗಿ ಉಳಿಸಿದರೆ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಗಳ ಸೊನ್ನೆಗಳು ಉದುರುತ್ತವೆ. ಆ ಅಂಕಣಗಳನ್ನು ಪಠ್ಯವೆಂದು ಮೊದಲೇ ಘೋಷಿಸುವುದು ಪರಿಹಾರ. ಆದರೆ ಕಡತದ ವಿಸ್ತರಣೆ ‘ಸಿಎಸ್‌ವಿ’ ಆಗಿದ್ದರೆ ‘ಓಪನ್‌ಟೆಕ್ಸ್ಟ್’ ಈ ಘೋಷಣೆಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ವಿಸ್ತರಣೆಯನ್ನು ‘ಟಿಎಕ್ಸ್‌ಟಿ’ ಎಂದು ಬದಲಿಸಬೇಕು, ಇಲ್ಲವೇ ‘ಕ್ವೆರಿಟೇಬಲ್ಸ್’ ಮೂಲಕ ತರಬೇಕು.

ವಿಜ್ಞಾನ ಲೋಕವೂ ಇದರಿಂದ ಪೆಟ್ಟು ತಿಂದಿದೆ. ‘ಮಾರ್ಚ್1’, ‘ಸೆಪ್ಟ್2’ ಎಂಬ ಹೆಸರಿನ ಮಾನವ ವಂಶವಾಹಿಗಳನ್ನು ಎಕ್ಸೆಲ್ ದಿನಾಂಕಗಳೆಂದು ತಿಳಿದು ಬದಲಿಸುತ್ತಿತ್ತು. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದು ಈ ದೋಷವನ್ನು ಹೊತ್ತಿದೆ ಎಂದು 2016ರಲ್ಲಿ ‘ಜೀನೋಮ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2020ರಲ್ಲಿ ಮಾನವ ವಂಶವಾಹಿಗಳ ನಾಮಕರಣ ಸಮಿತಿಯು ಆ ಹೆಸರುಗಳನ್ನೇ ‘ಮಾರ್ಚ್‌ಎಫ್1’, ‘ಸೆಪ್ಟಿನ್2’ ಎಂಬಂತೆ ತಿದ್ದಿತು. ತಂತ್ರಾಂಶ ಬದಲಾಗಲಿಲ್ಲವೆಂದು ವಿಜ್ಞಾನವೇ ಬದಲಾದದ್ದು ವಿಚಿತ್ರ. ಸ್ವಯಂ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ.

ಸಾಲುಗಳ ಮಿತಿಯಿಂದಾದ ಪ್ರಮಾದ ಇನ್ನೂ ಗಂಭೀರವಾದುದು. 2007ಕ್ಕೆ ಮೊದಲಿನ ಎಕ್ಸೆಲ್ ಹಾಳೆಯಲ್ಲಿ 65,536 ಸಾಲುಗಳಿಗಷ್ಟೇ ಎಡೆ, ಈಗ 10,48,576. ಕೋವಿಡ್ ಕಾಲದಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಸಿಎಸ್‌ವಿ ಕಡತಗಳನ್ನು ಸ್ವಯಂಚಾಲಿತವಾಗಿ ಹಳೆಯ ವಿನ್ಯಾಸದ ಎಕ್ಸೆಲ್ ಹಾಳೆಗಳಿಗೆ ತುಂಬಿಸುತ್ತಿತ್ತು. ಒಂದೊಂದು ಪರೀಕ್ಷೆಗೂ ಹಲವು ಸಾಲುಗಳು ಬೇಕಾಗಿದ್ದರಿಂದ ಮಿತಿ ಬೇಗ ಮುಟ್ಟಿತು, ಹೆಚ್ಚುವರಿ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಿಕ ಲೆಕ್ಕದಿಂದ ಹೊರಗುಳಿದರು. ಅವರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಓದಿದ ಸಾಲುಗಳನ್ನೂ ತುಂಬಿದ ಸಾಲುಗಳನ್ನೂ ಎಣಿಸಿ ತಾಳೆ ನೋಡುವ ಒಂದು ಹೆಜ್ಜೆ ಇದನ್ನು ಮೊದಲ ದಿನವೇ ಹಿಡಿಯುತ್ತಿತ್ತು.

ಇದರ ಮುಂದೆ ದೋಷ 6 ಸಭ್ಯವಾದುದು. ಸಾಲಿನ ಎಣಿಕೆಗೆ ‘ಇಂಟಿಜರ್’ ಬಗೆಯ ಚರಾಂಶವನ್ನು ಬಳಸಿದರೆ 32,767ರ ಬಳಿಕ ಅದು ತುಂಬಿ ತುಳುಕಿ ಮ್ಯಾಕ್ರೋ ನಿಲ್ಲುತ್ತದೆ. ‘ಲಾಂಗ್’ ಎಂದು ಬದಲಿಸಿದರೆ ಸಾಕು.

ದೋಷವನ್ನು ಮುಚ್ಚುವ ಆದೇಶ

‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಆದೇಶವು ದೋಷ ಬಂದರೂ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಎನ್ನುತ್ತದೆ. ಇದನ್ನು ಮ್ಯಾಕ್ರೋದ ತಲೆಯಲ್ಲಿ ಬರೆಯುವವರು ರೋಗಕ್ಕೆ ಮದ್ದು ಕೊಡದೆ ಜ್ವರಮಾಪಕವನ್ನು ಒಡೆಯುತ್ತಾರೆ. ಕಡತ ತೆರೆಯದಿದ್ದರೂ ಓದುವ ಸುತ್ತು ಆರಂಭವಾಗುತ್ತದೆ. ಅಂತ್ಯ ಬಂದಿತೇ ಎಂಬ ಪ್ರಶ್ನೆಯೂ ದೋಷವೇ ಆಗಿ, ಅದನ್ನೂ ದಾಟಿ, ಎಕ್ಸೆಲ್ ಕೊನೆಯಿಲ್ಲದ ಸುತ್ತಿಗೆ ಬಿದ್ದು ಹೆಪ್ಪುಗಟ್ಟಬಹುದು. ಅನ್ಯರ ಮ್ಯಾಕ್ರೋವನ್ನು ಪರೀಕ್ಷಿಸುವಾಗ ಮೊದಲು ಈ ಸಾಲನ್ನು ಹುಡುಕಿ, ಮುಂದೆ ಒಂದು ಉದ್ಧರಣ ಚಿಹ್ನೆ ಇಟ್ಟು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವುದು ಒಳ್ಳೆಯದು. ಎಚ್ಚರಿಕೆ ಪೆಟ್ಟಿಗೆಗಳನ್ನು ಅಡಗಿಸುವ ‘ಡಿಸ್‌ಪ್ಲೇ ಅಲರ್ಟ್ಸ್’ ಗುಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪತ್ತೆಯ ಕ್ರಮ

ಪತ್ತೆಯನ್ನು ಮ್ಯಾಕ್ರೋದಿಂದಲ್ಲ, ಕಡತದಿಂದ ಆರಂಭಿಸುವುದು ಸಮಯ ಉಳಿಸುತ್ತದೆ. ಇತ್ತೀಚಿನ ನೋಟ್‌ಪ್ಯಾಡ್‌ನ ಕೆಳಗಿನ ಪಟ್ಟಿಯು ಸಾಲಿನ ಅಂತ್ಯದ ಬಗೆಯನ್ನೂ ಅಕ್ಷರ ಸಂಕೇತವನ್ನೂ ತಾನೇ ತೋರಿಸುತ್ತದೆ. ಬಳಿಕ ಎಫ್8 ಕೀಲಿಯಿಂದ ಮ್ಯಾಕ್ರೋವನ್ನು ಒಂದೊಂದೇ ಸಾಲಾಗಿ ನಡೆಸಿ, ‘ಡೀಬಗ್ ಪ್ರಿಂಟ್’ ಆದೇಶದಿಂದ ವಿಳಾಸವನ್ನು ‘ಇಮ್ಮೀಡಿಯೇಟ್’ ಕಿಟಕಿಯಲ್ಲಿ ಮುದ್ರಿಸಿ ನೋಡಬೇಕು. ವಿಳಾಸದ ಎರಡೂ ತುದಿಗೆ ಚೌಕ ಕಂಸಗಳನ್ನು ಸೇರಿಸಿ ಮುದ್ರಿಸಿದರೆ ತುದಿಯ ಖಾಲಿ ಜಾಗ ಬಯಲಿಗೆ ಬರುತ್ತದೆ. ಹೋಲಿಕೆ ತಪ್ಪುವ ಪದದ ಉದ್ದವನ್ನು ‘ಲೆನ್’ ಫಲನದಿಂದ ಅಳೆದು, ‘ಎಎಸ್‌ಸಿಡಬ್ಲ್ಯು’ ಫಲನದಿಂದ ಅದರ ಒಂದೊಂದೇ ಸಂಕೇತವನ್ನು ಮುದ್ರಿಸಿದರೆ ಅಡಗಿರುವ 13, 160 ಅಥವಾ ಬಿಡಿ ಬಿಡಿ ಓಕಾರ ಕಾಣುತ್ತದೆ. ದೊಡ್ಡ ಕಡತವಾದರೆ ಮೊದಲ ಹತ್ತು ಸಾಲುಗಳ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಪ್ರಯೋಗಿಸುವುದು ವಾಸಿ. ಅದರಲ್ಲಿ ದೋಷ ಬಾರದಿದ್ದರೆ ಕಡತವನ್ನು ಅರ್ಧರ್ಧವಾಗಿ ಒಡೆಯುತ್ತ ಹೋದರೆ ತಪ್ಪಿತಸ್ಥ ಸಾಲು ಬೇಗ ಸಿಗುತ್ತದೆ. ಮೂಲ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬಾರದು. ನೋಡುವುದಕ್ಕೆಂದು ತೆರೆದು ಉಳಿಸಿದ ಕ್ಷಣದಲ್ಲಿಯೇ ಸೊನ್ನೆಗಳೂ ದಿನಾಂಕಗಳೂ ಬದಲಾಗಿ, ಪರೀಕ್ಷಿಸಬೇಕಾದ ಸಾಕ್ಷ್ಯ ಅಳಿದುಹೋಗಿರುತ್ತದೆ.

ಇತರ ಅಡ್ಡಿಗಳು

ಮ್ಯಾಕ್ರೋ ಓಡದೆಯೇ ಇದ್ದರೆ ಕಾರಣ ಭದ್ರತಾ ನಿರ್ಬಂಧವಿರಬಹುದು. 1999ರ ಮೆಲಿಸ್ಸಾ ಎಂಬ ವೈರಸ್ ಹರಡಿದ್ದು ವರ್ಡ್ ಮ್ಯಾಕ್ರೋ ಮೂಲಕ. ಅಂದಿನಿಂದ ಬಿಗಿಯಾಗುತ್ತ ಬಂದ ನಿಯಮಗಳ ಮುಂದುವರಿಕೆಯಾಗಿ, ಅಂತರಜಾಲದಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ಪೂರ್ವನಿಯೋಜಿತವಾಗಿ ತಡೆಯುತ್ತಿದೆ. ಕಳುಹಿಸಿದವರು ನಂಬಿಕೆಗೆ ಅರ್ಹರೆಂದು ಖಚಿತವಾದರೆ ಕಡತದ ‘ಪ್ರಾಪರ್ಟೀಸ್’ ಪೆಟ್ಟಿಗೆಯಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಬಹುದು. ಮ್ಯಾಕ್ ಗಣಕಗಳಲ್ಲಿ ‘ಎಡಿಓಡಿಬಿ’ ದೊರೆಯುವುದಿಲ್ಲ, ಹೊರಗಿನ ಕಡತಗಳನ್ನು ಮುಟ್ಟಲು ಬಳಕೆದಾರನ ಅನುಮತಿಯೂ ಬೇಕಾಗುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್‌ನ ಬೇಸಿಕ್ ಭಾಷೆಯಲ್ಲಿ ಇದೇ ‘ಓಪನ್’ ಮತ್ತು ‘ಲೈನ್ ಇನ್‌ಪುಟ್’ ಆದೇಶಗಳಿವೆ. ವಿಬಿಎ ಮ್ಯಾಕ್ರೋಗಳನ್ನು ಅಲ್ಲಿ ಓಡಿಸಲು ಭಾಗದ ಮೊದಲಿಗೆ ‘ಆಪ್ಷನ್ ವಿಬಿಎಸಪೋರ್ಟ್ 1’ ಎಂಬ ಸಾಲನ್ನು ಸೇರಿಸಬೇಕು.